ಬ್ರ್ಯಾಂಟ್ ಪಾಯಿಂಟಿನ ಕಿರುದೀಪ

ದೀಪಸ್ತಂಭವೆಂದೊಡನೆ ಯಾರ ಕಣ್ಣ ಮುಂದೆಯೂ ಮೂಡುವ ಚಿತ್ರ ಒಂದೇ: ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ಮುಗಿಲಿಗೆ ಮುಖವೆತ್ತಿ ನಿಂತ ಕಲ್ಲಿನ ಗೋಪುರ, ಕೆಳಗೆ ಭೋರ್ಗರೆಯುವ ಕಡಲು. ಅಮೆರಿಕ ಸಂಯುಕ್ತ ಸಂಸ್ಥಾನದ ಮಸಾಚುಸೆಟ್ಸ್ ರಾಜ್ಯಕ್ಕೆ ಸೇರಿದ ನಾಂಟುಕೆಟ್ ದ್ವೀಪದ ಬಂದರಿಗೆ ಮೊದಲ ಸಲ ಬರುವ ಪ್ರಯಾಣಿಕನು ಈ ಚಿತ್ರವನ್ನು ಮರೆಯಬೇಕಾಗುತ್ತದೆ. ಬಂದರಿನ ಬಾಯಿಯಲ್ಲಿ, ನೀರಿನ ಮಟ್ಟಕ್ಕೆ ಹೊಂದಿಕೊಂಡಂತಿರುವ ಮರಳಿನ ಚಾಚಿನ ಮೇಲೆ, ಬಿಳಿಯ ಬಣ್ಣ ಬಳಿದ ಮರದ ಗೋಪುರವೊಂದು ನಿಂತಿದೆ. ಅದರ ಎತ್ತರ ಕೇವಲ 26 ಅಡಿ. ದಡದಿಂದ ಅದರ ಬಾಗಿಲವರೆಗೆ ಮರದ ಕಾಲುಸೇತುವೆಯೊಂದಿದೆ. ಸುತ್ತ ಅಲೆಗಳ ಪೆಟ್ಟನ್ನು ತಡೆಯಲು ಪೇರಿಸಿದ ಕಲ್ಲುಗುಂಡುಗಳಿವೆ. ನ್ಯೂ ಇಂಗ್ಲೆಂಡ್ ಪ್ರಾಂತದ ದೀಪಗಳಲ್ಲೆಲ್ಲ ಅತ್ಯಂತ ತಗ್ಗಿನಲ್ಲಿ ಉರಿಯುವ ದೀಪವಿದು. ಇದರ ಹೆಸರು ಬ್ರ್ಯಾಂಟ್ ಪಾಯಿಂಟ್.

ಈಗ ನಿಂತಿರುವ ಗೋಪುರ 1901ರದು. ಆದರೆ ಆ ಚಾಚಿನ ಮೇಲೆ ದೀಪ ಉರಿಯತೊಡಗಿದ್ದು 1746ರಲ್ಲಿ. ಅಮೆರಿಕದ ನೆಲದಲ್ಲಿ ಇದಕ್ಕಿಂತ ಹಿಂದಿನದು 1716ರ ಬಾಸ್ಟನ್ ಬಂದರಿನ ದೀಪಸ್ತಂಭವೊಂದೇ. ಈ ಒಂದೂವರೆ ಶತಮಾನದ ಅವಧಿಯಲ್ಲಿ ಇಲ್ಲಿ ಎದ್ದು ನಿಂತ ದೀಪಗಳನ್ನು ಒಂದೊಂದಾಗಿ ಎಣಿಸಿದರೆ ಇಂದಿನದು ಒಂಬತ್ತನೆಯದಾಗುತ್ತದೆ. ಬೆಂಕಿ, ಗಾಳಿ, ಬಡತನ, ಶಿಥಿಲತೆ ಇವೆಲ್ಲವೂ ಅದನ್ನು ಕೆಡವಿವೆ. ಕೊನೆಯ ಸಲ ಅದನ್ನು ಕದಲಿಸಿದ್ದು ಮಾತ್ರ ಇವಾವುವೂ ಅಲ್ಲ, ನೀರಿನಡಿಯ ಮರಳು. ನಾಂಟುಕೆಟ್ ಬಂದರಿನ ಏಳುಬೀಳಿನ ಕಥೆಯೆಲ್ಲ ಈ ದೀಪ ಮತ್ತು ಈ ಮರಳು ಇವೆರಡರ ನಡುವಿನ ಕಥೆಯೇ ಆಗಿದೆ.

ಕೇಪ್ ಕಾಡ್ ಎಂಬ ಭೂಶಿರದಿಂದ ದಕ್ಷಿಣಕ್ಕೆ ಸುಮಾರು 30 ಮೈಲಿ ದೂರದಲ್ಲಿ, ತೆರೆದ ಅಟ್ಲಾಂಟಿಕ್ ಸಾಗರಕ್ಕೆ ಮೈಯೊಡ್ಡಿ ಈ ದ್ವೀಪವಿದೆ. ಹಿಮಯುಗದ ಹಿಮನದಿಗಳು ಕರಗುವಾಗ ಬಿಟ್ಟುಹೋದ ಮರಳು, ಜಲ್ಲಿ, ಜೇಡಿಗಳಿಂದಾದ ನೆಲ. ಗಟ್ಟಿ ಬಂಡೆಯೆಂಬುದು ಇಲ್ಲಿ ಕಾಣಸಿಗದು. ವಾಂಪನೋಗ್ ಜನಾಂಗದವರು ಇಲ್ಲಿಯ ಮೂಲನಿವಾಸಿಗಳು. ಇಂಗ್ಲಿಷರು 1659ರಲ್ಲಿ ಬಂದು ನೆಲೆಸಿದರು. ನೆಲ ಸಾರವಿಲ್ಲದ್ದು, ಬೇಸಾಯವನ್ನೇ ನಂಬಿ ಬಾಳುವಂತಿರಲಿಲ್ಲ. ಹೀಗಾಗಿ ದ್ವೀಪದವರು ಕಡಲಿಗಿಳಿದರು, ತಿಮಿಂಗಿಲ ಬೇಟೆಯನ್ನು ಕಸುಬಾಗಿ ಹಿಡಿದರು. ಆ ಪ್ರಾಣಿಯ ಕೊಬ್ಬನ್ನು ಕಾಯಿಸಿ ತೆಗೆದ ತೈಲವೇ ಆ ಕಾಲದ ಪಾಶ್ಚಾತ್ಯ ನಗರಗಳ ದೀಪಗಳಲ್ಲಿ ಉರಿಯುತ್ತಿತ್ತು. ಅದರಲ್ಲಿಯೂ ಸ್ಪರ್ಮ್ ಎಂಬ ಜಾತಿಯ ತಿಮಿಂಗಿಲದ ತೈಲ ಹೆಚ್ಚು ಮಸಿಯಿಲ್ಲದೆ, ನಾತವಿಲ್ಲದೆ, ಬೆಳ್ಳಗೆ ಬೆಳಗುವಂಥದು. ಲಂಡನ್ನಿನ ಬೀದಿದೀಪಗಳಿಗೂ ಅದು ಬೇಕಾಗಿತ್ತು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾಪೆಟ್ಟಿಗೆಗಳನ್ನು ನೀರಿಗೆಸೆದ ಪ್ರಸಂಗವನ್ನು ಚರಿತ್ರೆಯ ವಿದ್ಯಾರ್ಥಿಗಳೆಲ್ಲ ಬಲ್ಲರು. ಆ ಮೂರು ಹಡಗುಗಳ ಪೈಕಿ ಡಾರ್ಟ್‌ಮತ್ ಮತ್ತು ಬೀವರ್ ಎಂಬೆರಡು ನಾಂಟುಕೆಟ್ಟಿನ ರಾಚ್ ಮನೆತನದವು ಎಂಬುದು ಅಷ್ಟು ಪ್ರಸಿದ್ಧವಲ್ಲ. ಅವು ಲಂಡನ್ನಿಗೆ ತಿಮಿಂಗಿಲದ ತೈಲವನ್ನು ಒಯ್ದು, ಮರಳುವಾಗ ಚಹಾವನ್ನು ಹೇರಿಕೊಂಡು ಬಂದಿದ್ದವು.

ಪರದೇಶದ ಮಹಾನಗರಕ್ಕೆ ಬೆಳಕನ್ನು ಮಾರುತ್ತಿದ್ದ ಈ ಊರಿಗೆ ತನ್ನ ಬಂದರಿನ ಬಾಯಿಗೊಂದು ದೀಪ ಬೇಕೆನಿಸಿದ್ದು 1746ರಲ್ಲಿ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ನೆರೆದ ಊರ ಸಭೆಯಲ್ಲಿ ಹಡಗುಗಳ ನಾಯಕರು ಈ ಮಾತನ್ನೆತ್ತಿದರು; ಸಭೆಯು 200 ಪೌಂಡುಗಳನ್ನು ಮಂಜೂರು ಮಾಡಿತು. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಈ ಹಣ ಅರಸನ ಬೊಕ್ಕಸದಿಂದ ಬಂದುದಲ್ಲ. ಬೆಳಕಿನಿಂದ ಯಾರಿಗೆ ಪ್ರಯೋಜನವೋ ಅವರೇ ಕೂಡಿ ಕುಳಿತು, ತಮ್ಮ ಊರಿನ ಹಣದಿಂದಲೇ ಅದನ್ನು ಹಚ್ಚಲು ನಿರ್ಧರಿಸಿದರು. ಅನಂತರದ ಅರ್ಧ ಶತಮಾನದುದ್ದಕ್ಕೂ ಆ ದೀಪ ಕೆಟ್ಟಾಗಲೆಲ್ಲ ಮತ್ತೆ ಹಚ್ಚುವ ಹೊರೆ ಅವರ ಹೆಗಲ ಮೇಲೆಯೇ ಬಿತ್ತು.

ಅದು ಕೆಡುವುದಕ್ಕೆ ತಡವಾಗಲಿಲ್ಲ. ಮೊದಲ ಗೋಪುರ 1757ರಲ್ಲಿ ಸುಟ್ಟುಹೋಯಿತು. ಒಣಮರದ ಕಟ್ಟಡ, ಅದರ ನೆತ್ತಿಯಲ್ಲಿ ರಾತ್ರಿಯಿಡೀ ಉರಿಯುವ ತೈಲದ ಬತ್ತಿ. ಅಂಥ ಕಡೆ ಅಗ್ನಿಭಯ ಎಂದಿಗೂ ತಪ್ಪಿದ್ದಲ್ಲ. ಮರುವರ್ಷವೇ ಎರಡನೆಯದು ಎದ್ದಿತು. 1774ರ ಮಾರ್ಚ್ 9ರಂದು ಬೆಳಗ್ಗೆ ಎಂಟು ಗಂಟೆಯ ಸುಮಾರಿಗೆ ಬೀಸಿದ ಗಾಳಿಗೆ ಇದು ಬಲಿಯಾಯಿತು. ಆ ಗಾಳಿ ಬೀಸಿದ್ದು ಸುಮಾರು ಒಂದೇ ನಿಮಿಷ, ಅದೂ ಒಂದು ಕಿರಿದಾದ ಪಟ್ಟಿಯಲ್ಲಿ ಎಂದು ಅಂದಿನ ವೃತ್ತಪತ್ರಿಕೆ ವರದಿ ಮಾಡಿತು. ಆ ಒಂದು ನಿಮಿಷದಲ್ಲಿ ದೀಪಸ್ತಂಭವೂ ಅದರೊಡನೆ ಹಲವು ಅಂಗಡಿ, ಕೊಟ್ಟಿಗೆಗಳೂ ನೆಲಸಮವಾದವು. ಅದೇ ವರ್ಷ ಮೂರನೆಯ ಗೋಪುರ ನಿಂತಿತು. 1783ರಲ್ಲಿ ಅದನ್ನೂ ಬೆಂಕಿ ನುಂಗಿತು.

ಇಷ್ಟು ಹೊತ್ತಿಗೆ ಊರಿನ ಸ್ಥಿತಿಯೇ ಬೇರೆಯಾಗಿತ್ತು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಆಗಷ್ಟೇ ಮುಗಿದಿತ್ತು. ದ್ವೀಪದವರಲ್ಲಿ ಬಹುಮಂದಿ ಯುದ್ಧವನ್ನೊಪ್ಪದ ಕ್ವೇಕರ್ ಪಂಥದವರು; ಹಾಗೆಂದು ಯುದ್ಧ ಅವರನ್ನು ಬಿಟ್ಟಿರಲಿಲ್ಲ. ಅವರ ನೂರಕ್ಕೂ ಹೆಚ್ಚು ಹಡಗುಗಳು ಸೆರೆಸಿಕ್ಕಿಯೋ ಮುಳುಗಿಯೋ ನಷ್ಟವಾಗಿದ್ದವು. ಗೋಪುರ ಕಟ್ಟಿಸುವ ಶಕ್ತಿ ಊರಿಗಿರಲಿಲ್ಲ. ಎರಡು ಉದ್ದನೆಯ ಕಂಬಗಳನ್ನು ನೆಟ್ಟು, ಅವುಗಳ ನಡುವೆ ಗಾಜಿನ ಕಿಟಕಿಗಳುಳ್ಳ ಮರದ ಕಂದೀಲೊಂದನ್ನು ಹಗ್ಗದಿಂದ ಮೇಲೆಳೆದು ತೂಗುಬಿಟ್ಟರು. ನಾಲ್ಕನೆಯ ದೀಪಸ್ತಂಭವೆಂದರೆ ಇದೇ. ಅದರ ಬೆಳಕು ಎಷ್ಟು ಮಂಕಾಗಿತ್ತೆಂದರೆ ನಾವಿಕರು ಅದನ್ನು ಮಿಂಚುಹುಳುವಿಗೆ ಹೋಲಿಸಿ ಗೊಣಗಿದರು. ಗೊಣಗಿದವರ ಮಾತಿನಲ್ಲಿ ನ್ಯಾಯವಿದ್ದಿರಬಹುದು. ಆದರೂ ಹಡಗುಗಳನ್ನೆಲ್ಲ ಕಳೆದುಕೊಂಡ ಊರೊಂದು ಆ ಕಗ್ಗತ್ತಲ ಚಾಚನ್ನು ಬರಿದಾಗಿ ಬಿಡದೆ ಅಷ್ಟಾದರೂ ಮಾಡಿತೆಂಬುದು ಸಾಮಾನ್ಯ ಸಂಗತಿಯಲ್ಲ. 1786ರ ಹೊತ್ತಿಗೆ ಐದನೆಯದು ಬಂತು, 1788ರ ಬಿರುಗಾಳಿಗೆ ಹೋಯಿತು; ಆರನೆಯದು ಅದೇ ವರ್ಷ ನಿಂತಿತು. 1789ರಲ್ಲಿ ಹೊಸ ರಾಷ್ಟ್ರದ ಶಾಸನಸಭೆಯು ದೀಪಸ್ತಂಭಗಳ ಪೋಷಣೆಯನ್ನು ಕೇಂದ್ರ ಸರಕಾರದ ಹೊಣೆಯನ್ನಾಗಿ ಮಾಡಿತು. 1795ರಲ್ಲಿ ಬ್ರ್ಯಾಂಟ್ ಪಾಯಿಂಟಿನ ದೀಪವೂ ಸರಕಾರದ ವಶಕ್ಕೆ ಸೇರಿತು.

ಇಷ್ಟು ಚಿಕ್ಕ ದೀಪದ ಮೇಲೆ ಇಷ್ಟೊಂದು ಹಟವೇಕೆಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಅದಕ್ಕೆ ಉತ್ತರ ದೊರೆಯಬೇಕಾದರೆ ದೀಪಸ್ತಂಭಗಳಲ್ಲಿ ಎರಡು ಬಗೆಯುಂಟೆಂಬುದನ್ನು ತಿಳಿಯಬೇಕು. ಒಂದನೆಯದು ದೂರದ ಕಡಲಿನಲ್ಲಿರುವವನಿಗೆ ನೆಲ ಹತ್ತಿರವಾಯಿತೆಂದು ಸಾರುವಂಥದು. ಭೂಮಿ ಗುಂಡಗಿರುವುದರಿಂದ ದೀಪ ಎತ್ತರದಲ್ಲಿದ್ದಷ್ಟೂ ಹೆಚ್ಚು ದೂರಕ್ಕೆ ಕಾಣುತ್ತದೆ. ನೀರಿನ ಮಟ್ಟದಲ್ಲಿ ಕಣ್ಣಿಟ್ಟು ನೋಡುವವನಿಗೆ 26 ಅಡಿ ಎತ್ತರದ ದೀಪ ಸುಮಾರು 6 ನಾಟಿಕಲ್ ಮೈಲಿಯಾಚೆ ದಿಗಂತದಡಿಗೆ ಇಳಿದುಹೋಗುತ್ತದೆ. ನೋಡುವವನು 15 ಅಡಿ ಎತ್ತರದ ಅಟ್ಟದ ಮೇಲೆ ನಿಂತಿದ್ದರೆ ಇನ್ನೂ ನಾಲ್ಕೂವರೆ ಮೈಲಿ ಕೂಡುತ್ತದೆ, ಅಷ್ಟೇ. ನಾಂಟುಕೆಟ್ ದ್ವೀಪದಲ್ಲಿಯೇ ಪೂರ್ವದ ಕಡಿದಂಚಿನ ಮೇಲಿರುವ ಸ್ಯಾಂಕಟಿ ಹೆಡ್ ಎಂಬ 1850ರ ದೀಪಸ್ತಂಭ ಈ ಮೊದಲನೆಯ ಜಾತಿಯದು. ಎರಡನೆಯದು ಬಂದರಿನ ದೀಪ. ಅದಕ್ಕೆ ದೂರದ ಮಾತು ಬೇಡ. ಮನೆಯ ಹತ್ತಿರ ಬಂದವನಿಗೆ ಹೊಸ್ತಿಲು ಎಲ್ಲಿದೆ, ಎಲ್ಲಿ ತಿರುಗಬೇಕು ಎಂಬುದನ್ನು ತೋರಿಸಿದರೆ ಅದರ ಕೆಲಸ ಮುಗಿಯಿತು. ತಿರುಗುವ ಜಾಗ ನೂರು ಗಜ ತಪ್ಪಿದರೂ ಹಡಗು ಮರಳಿನಲ್ಲಿ ಹೂತುಹೋಗುವುದರಿಂದ ಬಂದರಿನ ದೀಪಕ್ಕೆ ಎತ್ತರಕ್ಕಿಂತ ಸ್ಥಾನವೇ ಮುಖ್ಯ. ನೀರಿನ ದಾರಿ ಸರಿದರೆ ದೀಪವೂ ಅದನ್ನು ಹಿಂಬಾಲಿಸಿ ಹೋಗಬೇಕು.

ಸ್ಥಾನವನ್ನು ತೋರಿಸಬಲ್ಲ ದೀಪ ಆಳವನ್ನು ಹೆಚ್ಚಿಸಲಾರದು. ನಾಂಟುಕೆಟ್ಟಿನ ನಿಜವಾದ ಸಂಕಟ ಇದ್ದುದೇ ಅಲ್ಲಿ. ಬಂದರಿನ ಹೊರಬಾಯಿಗೆ ಅಡ್ಡಲಾಗಿ, ನೀರಿನಡಿಯಲ್ಲಿ, ಉದ್ದನೆಯ ಮರಳುದಿಣ್ಣೆಯೊಂದು ಮಲಗಿತ್ತು. ಅಲೆ ಮತ್ತು ಪ್ರವಾಹಗಳು ದಡದುದ್ದಕ್ಕೂ ಮರಳನ್ನು ಹೊತ್ತು ತರುತ್ತವೆ. ಬಂದರಿನ ಬಾಯಿಯಲ್ಲಿ ವೇಗ ಕುಗ್ಗಿದೊಡನೆ ಹೊರೆಯನ್ನು ಅಲ್ಲಿಯೇ ಇಳಿಸುತ್ತವೆ. ತಿಮಿಂಗಿಲ ಬೇಟೆಯ ಹಡಗುಗಳು ಚಿಕ್ಕವಾಗಿದ್ದ ಕಾಲದಲ್ಲಿ ಇದರಿಂದ ಅಷ್ಟು ತೊಂದರೆಯಾಗಲಿಲ್ಲ. ಹತ್ತಿರದ ಕಡಲಿನಲ್ಲಿ ಬೇಟೆ ಕಡಮೆಯಾಗಿ, ಹಡಗುಗಳು ದಕ್ಷಿಣ ಅಮೆರಿಕವನ್ನು ಬಳಸಿ ಪೆಸಿಫಿಕ್ ಸಾಗರಕ್ಕೆ ಹೋಗಿ ಮೂರು ನಾಲ್ಕು ವರ್ಷಗಳ ಮೇಲೆ ಮರಳುವ ಕಾಲ ಬಂದಾಗ, ಹಡಗುಗಳ ಗಾತ್ರವೂ ಬೆಳೆಯಿತು. ತೈಲದ ಪೀಪಾಯಿಗಳನ್ನು ತುಂಬಿಕೊಂಡು ಬಂದ ಹಡಗು ತನ್ನ ಮನೆಯ ದೀಪವನ್ನು ಕಣ್ಣಾರೆ ಕಾಣುತ್ತ, ಒಳಗೆ ಬರಲಾರದೆ ಹೊರಗೇ ಲಂಗರು ಹಾಕಿ ನಿಲ್ಲಬೇಕಾಗುತ್ತಿತ್ತು. ಚಿಕ್ಕ ದೋಣಿಗಳು ಹೋಗಿ ಪೀಪಾಯಿಗಳನ್ನು ಇಳಿಸಿಕೊಂಡ ಮೇಲೆ, ಹಗುರಾದ ಹಡಗು ಭರತದ ಸಮಯ ನೋಡಿ ದಿಣ್ಣೆಯನ್ನು ದಾಟುತ್ತಿತ್ತು. ವರ್ಷಗಟ್ಟಲೆ ಹಾದಿ ಕಾಯ್ದ ಮನೆಯವರಿಗೆ ಹಡಗಿನ ಕೂವೆಮರಗಳು ಕಾಣುತ್ತಿರುವಾಗಲೂ ಅದರ ಸರಕು ಕೈಗೆ ಬಾರದಿದ್ದ ಆ ದಿನಗಳು ಹೇಗಿದ್ದುವೆಂಬುದನ್ನು ಊಹಿಸಬಹುದು.

ಈ ಕಷ್ಟಕ್ಕೆ ದ್ವೀಪದ ಪೀಟರ್ ಫೋಲ್ಜರ್ ಯೂವರ್ ಎಂಬಾತ ಕಂಡುಕೊಂಡ ಪರಿಹಾರ ಬಹಳ ಸ್ವಾರಸ್ಯವಾದದ್ದು. ಹಾಲೆಂಡಿನಲ್ಲಿ ಅದಕ್ಕೂ ಹಿಂದೆ ಬಳಕೆಯಲ್ಲಿದ್ದ ಉಪಾಯವದು, ಹೆಸರು ‘ಒಂಟೆಗಳು’. ಮರದಿಂದ ಮಾಡಿದ ಎರಡು ಬೃಹತ್ತಾದ ಟೊಳ್ಳು ಪೆಟ್ಟಿಗೆಗಳು, ಒಂದೊಂದೂ 135 ಅಡಿ ಉದ್ದ. ಹಡಗಿನ ಮೈಗೆ ಒಪ್ಪುವಂತೆ ಅವುಗಳ ಒಳಮಗ್ಗುಲನ್ನು ಬಾಗಿಸಿತ್ತು. ಎರಡನ್ನೂ ಸರಪಳಿಗಳಿಂದ ಜೋಡಿಸಿ, ಒಳಗೆ ನೀರು ತುಂಬಿಸಿ ಮುಳುಗಿಸುತ್ತಿದ್ದರು. ಹಡಗು ಅವೆರಡರ ನಡುವೆ, ಸರಪಳಿಗಳ ಮೇಲೆ ಬಂದು ನಿಂತ ಬಳಿಕ ಉಗಿಯಂತ್ರದ ಪಂಪುಗಳಿಂದ ನೀರನ್ನು ಹೊರದೂಡಿದರೆ, ಪೆಟ್ಟಿಗೆಗಳು ತೇಲುತ್ತ ಹಡಗನ್ನೂ ಸರಕುಸಮೇತ ಮೇಲೆತ್ತುತ್ತಿದ್ದವು. ಕುಳಿತು ಹೊರೆ ಹೊತ್ತು ಏಳುವ ಒಂಟೆಯ ನೆನಪಾಗದಿರದು. 1842ರಲ್ಲಿ ಮೊದಲ ಪ್ರಯತ್ನದಲ್ಲಿ ಸರಪಳಿಗಳು ತುಂಡಾಗಿ ಫೀಬಿ ಎಂಬ ಹಡಗಿಗೆ ಪೆಟ್ಟಾಯಿತು. ಊರವರಲ್ಲಿ ನಕ್ಕವರೂ ಇದ್ದಿರಬೇಕು. ಯೂವರ್ ಸರಪಳಿಗಳನ್ನು ಬಲಪಡಿಸಿದ. ಅದೇ ವರ್ಷ ಕಾನ್‌ಸ್ಟಿಟ್ಯೂಷನ್ ಎಂಬ ಹಡಗು ಪ್ರಯಾಣದ ಸರಕನ್ನೆಲ್ಲ ಹೊತ್ತೇ ದಿಣ್ಣೆಯನ್ನು ದಾಟಿ ಹೊರಟಿತು. ಪೆರು ಎಂಬುದು ತೈಲದ ಹೊರೆಯೊಡನೆ ಒಳಗೆ ಬಂತು. ಒಂಟೆಗಳ ಸೇವೆ ಆ ದಶಕದ ಕೊನೆಯವರೆಗೆ ಮಾತ್ರ ನಡೆಯಿತು.

ಒಂದರ ಮೇಲೊಂದು ಪೆಟ್ಟು ಬೀಳತೊಡಗಿದ್ದರಿಂದ ಅವುಗಳಿಂದಲೂ ಊರು ಉಳಿಯಲಿಲ್ಲ. 1846ರ ಜುಲೈ 13ರ ರಾತ್ರಿ ಟೋಪಿಯಂಗಡಿಯೊಂದರಲ್ಲಿ ಹುಟ್ಟಿದ ಬೆಂಕಿ ಪಟ್ಟಣದ ಮೂರನೆಯ ಒಂದು ಭಾಗವನ್ನು ಸುಟ್ಟಿತು. ಕಡಲಂಚಿನ ಉಗ್ರಾಣಗಳಲ್ಲಿದ್ದ ತೈಲ ಹರಿದು, ಬಂದರಿನ ನೀರಿನ ಮೇಲೆಯೇ ಉರಿಯಿತು. 1849ರಲ್ಲಿ ಕ್ಯಾಲಿಫೋರ್ನಿಯದ ಚಿನ್ನದ ಸುದ್ದಿ ಕೇಳಿ ನೂರಾರು ಯುವಕರು ದ್ವೀಪ ಬಿಟ್ಟರು. ಆಳವಾದ ಬಂದರೂ, ಅದರ ಕಟ್ಟೆಗೇ ಬಂದು ನಿಲ್ಲುವ ರೈಲೂ ಇದ್ದ ನ್ಯೂ ಬೆಡ್‌ಫರ್ಡ್ ತಿಮಿಂಗಿಲ ವ್ಯಾಪಾರವನ್ನು ತನ್ನೆಡೆಗೆ ಸೆಳೆದುಕೊಂಡಿತು. 1851ರಲ್ಲಿ ಹೊರಬಂದ ಮೆಲ್ವಿಲ್‌ನ ‘ಮೊಬಿ ಡಿಕ್’ ಕಾದಂಬರಿಯ ಹಡಗು ಹೊರಡುವುದು ನಾಂಟುಕೆಟ್ಟಿನಿಂದಲೇ. ಆದರೆ ಲೇಖಕ ಆ ದ್ವೀಪವನ್ನು ಕಣ್ಣಾರೆ ಕಂಡದ್ದು ಮರುವರ್ಷ. ಅಷ್ಟರಲ್ಲಿ ಅದರ ವೈಭವ ಮುಗಿಯುತ್ತ ಬಂದಿತ್ತು. 1859ರಲ್ಲಿ ಪೆನ್ಸಿಲ್ವೇನಿಯದಲ್ಲಿ ಕೊಳವೆಬಾವಿಯಿಂದ ಕಲ್ಲೆಣ್ಣೆ ಹೊರಬಂದ ಮೇಲೆ ತಿಮಿಂಗಿಲದ ತೈಲವನ್ನು ಕೇಳುವವರು ಕಡಮೆಯಾದರು. ನಾಂಟುಕೆಟ್ಟಿನಿಂದ ಬೇಟೆಗೆ ಹೊರಟ ಕೊನೆಯ ಹಡಗು ‘ಓಕ್’; ವರ್ಷ 1869. 1840ರಲ್ಲಿ 9,012 ಇದ್ದ ಜನಸಂಖ್ಯೆ 1870ರಲ್ಲಿ 4,123ಕ್ಕೆ ಇಳಿದಿತ್ತು.

ವಿಚಿತ್ರವೆಂದರೆ, ಬ್ರ್ಯಾಂಟ್ ಪಾಯಿಂಟಿಗೆ ಅತ್ಯಂತ ಭದ್ರವಾದ ಗೋಪುರ ದೊರಕಿದ್ದು ಈ ಇಳಿಗಾಲದಲ್ಲಿಯೇ. 1825ರಲ್ಲಿ ದೀಪಪಾಲಕನ ಮನೆಯ ಮಾಡಿನ ಮೇಲೆ ಕಟ್ಟಿದ್ದ ಏಳನೆಯ ದೀಪ ಶಿಥಿಲವಾಗಿತ್ತು. ಸರಕಾರ 1856ರಲ್ಲಿ ಇಟ್ಟಿಗೆಯ ಗೋಪುರವನ್ನೂ ಅದಕ್ಕೆ ಹೊಂದಿದ ಮನೆಯನ್ನೂ ಕಟ್ಟಿಸಿತು. ಮೇಲೆ ನಾಲ್ಕನೆಯ ದರ್ಜೆಯ ಫ್ರೆನೆಲ್ ಮಸೂರವನ್ನಿಟ್ಟಿತು. ಈ ಮಸೂರ ಫ್ರಾನ್ಸಿನ ವಿಜ್ಞಾನಿ ಆಗಸ್ಟಿನ್ ಫ್ರೆನೆಲ್ ರೂಪಿಸಿದ್ದು. ಬತ್ತಿಯ ಬೆಳಕು ಸಹಜವಾಗಿ ಎಲ್ಲ ದಿಕ್ಕಿಗೂ ಚೆಲ್ಲಿಹೋಗುತ್ತದೆ. ಆಕಾಶಕ್ಕೂ ನೆಲಕ್ಕೂ ಹೋದ ಪಾಲು ನಾವಿಕನಿಗೆ ವ್ಯರ್ಥ. ದೀಪದ ಸುತ್ತ ಉಂಗುರ ಉಂಗುರವಾಗಿ ಜೋಡಿಸಿದ ಗಾಜಿನ ಪಟ್ಟಕಗಳು ಮೇಲಕ್ಕೂ ಕೆಳಕ್ಕೂ ಓಡುವ ಕಿರಣಗಳನ್ನು ಬಾಗಿಸಿ, ದಿಗಂತದ ಕಡೆಗೆ ಒಂದೇ ಮಟ್ಟದಲ್ಲಿ ಕಳುಹಿಸುತ್ತವೆ. ಒಂದೇ ದಪ್ಪ ಮಸೂರವಾಗಿದ್ದರೆ ಅದರ ಭಾರವನ್ನು ಯಾವ ಗೋಪುರವೂ ತಾಳುತ್ತಿರಲಿಲ್ಲ. ಗಾಜು ತನ್ನೊಳಗೇ ಬೆಳಕನ್ನು ಬಹುಮಟ್ಟಿಗೆ ಹೀರಿಬಿಡುತ್ತಿತ್ತು. ಬೇಕಾದ ವಕ್ರತೆಯನ್ನಷ್ಟೇ ಉಳಿಸಿ, ಬೇಡದ ಗಾಜನ್ನು ಕಳೆದದ್ದೇ ಫ್ರೆನೆಲ್‌ನ ಜಾಣ್ಮೆ. ಮೊದಲ ದರ್ಜೆಯ ಮಸೂರದೊಳಗೆ ಮನುಷ್ಯನು ನಿಲ್ಲಬಹುದು. ನಾಲ್ಕನೆಯದು ಸುಮಾರು ಅರ್ಧ ಮೀಟರ್ ಅಡ್ಡಗಲದ್ದು, ಬಂದರುಗಳಿಗೆ ತಕ್ಕುದು. ಒಳಗಿನ ಎಣ್ಣೆ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯಿತು. ಸ್ಪರ್ಮ್ ತೈಲದ ಬೆಲೆ ಏರಿದಾಗ ಅಮೆರಿಕದ ದೀಪಸ್ತಂಭಗಳಲ್ಲಿ ಹಂದಿಕೊಬ್ಬಿನ ಎಣ್ಣೆಯೂ, ಮುಂದೆ ಸೀಮೆಎಣ್ಣೆಯೂ ಬಳಕೆಗೆ ಬಂದವು.

ಇಟ್ಟಿಗೆಯ ಗೋಪುರವನ್ನು ಬೆಂಕಿ ಸುಡಲಿಲ್ಲ, ಗಾಳಿ ಕೆಡವಲಿಲ್ಲ. ಆದರೆ ಮರಳು ತನ್ನ ಕೆಲಸವನ್ನು ನಿಲ್ಲಿಸಿರಲಿಲ್ಲ. ಚಾಚು ಬೆಳೆಯುತ್ತ ಬಂತು, ಹಡಗು ನಡೆಯುವ ನೀರಿನ ದಾರಿ ಪೂರ್ವಕ್ಕೆ ಸರಿಯಿತು. 1881ರಿಂದ ಸರಕಾರ ಬಂದರಿನ ಬಾಯಿಯ ಎರಡೂ ಕಡೆ ಕಡಲೊಳಕ್ಕೆ ಉದ್ದವಾದ ಕಲ್ಲಿನ ತಡೆಗೋಡೆಗಳನ್ನು ಹಾಕಿಸತೊಡಗಿತು. ಭರತ ಇಳಿತಗಳ ನೀರನ್ನು ಇಕ್ಕಟ್ಟಾದ ದಾರಿಯಲ್ಲಿ ಹರಿಸಿದರೆ ವೇಗ ಹೆಚ್ಚಿ, ಅದೇ ತಳದ ಮರಳನ್ನು ಕೊಚ್ಚಿಕೊಂಡು ಹೋಗುತ್ತದೆಂಬುದು ಅದರ ತತ್ತ್ವ. ಶತಮಾನದ ಆದಿಯಿಂದ ದ್ವೀಪದವರು ಬೇಡುತ್ತ ಬಂದಿದ್ದ ಪರಿಹಾರ ಹೀಗೆ ಕೈಗೂಡತೊಡಗಿದಾಗ, ಅದರಿಂದ ಬದುಕಬೇಕಾಗಿದ್ದ ಹಡಗುಗಳಲ್ಲಿ ಒಂದೂ ಉಳಿದಿರಲಿಲ್ಲ. ಬರುತ್ತಿದ್ದವು ಉಗಿಹಡಗುಗಳು; ಅವುಗಳಲ್ಲಿ ಬೇಸಗೆಯ ಪ್ರವಾಸಿಗಳು.

1901ರಲ್ಲಿ ಇಟ್ಟಿಗೆಯ ಗೋಪುರದಿಂದ ಸುಮಾರು 600 ಅಡಿ ಪೂರ್ವಕ್ಕೆ, ನೀರಿನ ಅಂಚಿನಲ್ಲಿ, ಈಗಿನ ಮರದ ಗೋಪುರವನ್ನು ನಿಲ್ಲಿಸಿದರು. ಬಲವಾದದ್ದನ್ನು ಬಿಟ್ಟು ಹಗುರವಾದದ್ದನ್ನು ಆಯ್ದುಕೊಂಡದ್ದು ಹಿನ್ನಡೆಯಂತೆ ತೋರಬಹುದು. ಆದರೆ ಒಂದೂವರೆ ಶತಮಾನದ ಅನುಭವವೇ ಆ ಮಾಪನವನ್ನು ಹೇಳಿಕೊಟ್ಟಿರಬೇಕು: ಮರಳಿನ ಮೇಲೆ, ದಾರಿಯ ಮಗ್ಗುಲಿಗೆ, ಅಗತ್ಯವಿದ್ದಷ್ಟೇ ಎತ್ತರ. ಒಂಬತ್ತರಲ್ಲಿ ಅತಿ ದೀರ್ಘಕಾಲ ಬಾಳಿದ ಗೋಪುರ ಇದೇ ಆಗಿದೆ. 1965ರಲ್ಲಿ ಇದರ ದೀಪ ಸ್ವಯಂಚಾಲಿತವಾಯಿತು; ಬತ್ತಿ ಕತ್ತರಿಸಿ ಗಾಜಿನ ಮಸಿಯೊರಸುವ ದೀಪಪಾಲಕನ ಕಾಲ ಮುಗಿಯಿತು. 2000ದಲ್ಲಿ ಕರಾವಳಿ ರಕ್ಷಣಾ ಪಡೆಯವರು ಗೋಪುರವನ್ನು ದುರಸ್ತಿ ಮಾಡಿದರು. ಈಗಿನ ಬೆಳಕು ಕೆಂಪು; ಊರಿನ ಬಿಳಿಯ ದೀಪಗಳ ನಡುವೆ ಕಳೆದುಹೋಗದಂತೆ ಈ ಬಣ್ಣ. ನಾಲ್ಕು ಸೆಕೆಂಡಿಗೊಮ್ಮೆ ಅದು ಕ್ಷಣಕಾಲ ಮರೆಯಾಗಿ ಮತ್ತೆ ಬೆಳಗುತ್ತದೆ. ಆ ಲಯವೇ ಅದರ ಹೆಸರಿನ ಪಲಕ. ನಾವಿಕನು ಎಣಿಸಿ ನೋಡಿ, ಇದು ಬ್ರ್ಯಾಂಟ್ ಪಾಯಿಂಟೇ ಎಂದು ಖಚಿತಪಡಿಸಿಕೊಳ್ಳುತ್ತಾನೆ.

ದ್ವೀಪದ ಮಿಕ್ಕ ಎರಡು ದೀಪಗಳನ್ನು ಕಡಲು ಸುಮ್ಮನೆ ಬಿಟ್ಟಿಲ್ಲ. ಗ್ರೇಟ್ ಪಾಯಿಂಟಿನಲ್ಲಿ 1818ರಲ್ಲಿ ಕಟ್ಟಿದ ಕಲ್ಲಿನ ಗೋಪುರ 1984ರ ಮಾರ್ಚ್ ತಿಂಗಳ ಬಿರುಗಾಳಿಯಲ್ಲಿ ಕುಸಿಯಿತು. 1986ರಲ್ಲಿ ಅದೇ ರೂಪದಲ್ಲಿ ಹೊಸದನ್ನು ಕಟ್ಟಿದರು. ಸ್ಯಾಂಕಟಿ ಹೆಡ್‌ನ ಕಡಿದಂಚು ಕೊರೆದುಹೋಗುತ್ತ ಗೋಪುರದ ಬುಡಕ್ಕೇ ಬಂದಾಗ, 2007ರಲ್ಲಿ ಇಡೀ ಗೋಪುರವನ್ನೇ ಎತ್ತಿ ಸುಮಾರು 400 ಅಡಿ ಒಳಕ್ಕೆ ಸರಿಸಿದರು.

ಕೇಪ್ ಕಾಡ್‌ನಿಂದ ಬರುವ ಹಡಗು ಇಂದಿಗೂ ಬ್ರ್ಯಾಂಟ್ ಪಾಯಿಂಟನ್ನು ಬಳಸಿಯೇ ಕಟ್ಟೆಗೆ ತಿರುಗುತ್ತದೆ. ಡಿಸೆಂಬರಿನಲ್ಲಿ ರಕ್ಷಣಾ ಪಡೆಯವರು ಗೋಪುರಕ್ಕೆ ಹಸಿರೆಲೆಯ ದೊಡ್ಡ ಮಾಲೆಯೊಂದನ್ನು ತೊಡಿಸುತ್ತಾರೆ. ದ್ವೀಪ ಬಿಟ್ಟು ಹೋಗುವವರು ಈ ತಿರುವಿನಲ್ಲಿ ಒಂದು ಪೆನ್ನಿ ನಾಣ್ಯವನ್ನು ನೀರಿಗೆ ಹಾಕುತ್ತಾರೆ. ಹಾಗೆ ಮಾಡಿದವರು ಮತ್ತೆ ಮರಳಿ ಬರುವರೆಂದು ನಂಬಿಕೆ. 1856ರ ಇಟ್ಟಿಗೆಯ ಗೋಪುರವೂ ಹಿಂದೆ, ರಕ್ಷಣಾ ಪಡೆಯ ಠಾಣೆಯ ಆವರಣದಲ್ಲಿ ನಿಂತಿದೆ. ಅದರ ನೆತ್ತಿಯ ಗಾಜಿನ ಕೋಣೆಯನ್ನು ತೆಗೆದುಬಿಟ್ಟಿದ್ದಾರೆ. ಗೊತ್ತಿಲ್ಲದವರು ಅದನ್ನು ದೀಪಸ್ತಂಭವೆಂದು ಗುರುತಿಸಲಾರರು.